ಕೋಟೆ ಕೊಟ್ಟ ಮರಿಸ್ವಾಮಿ

ಕೇಳ್ರಪ್ಪಾ, ಹೂಂಗುಟ್ಟೋರು ಜೋರಾಗಿ ಹೂಂಗುಟ್ಟಿ, ನಗೋರು ಸ್ವಲ್ಪ ತಡ್ಕೊಳ್ಳಿ. ನಿಮ್ಮ ಬೀದೀಲಿ ಡಾಕ್ಟ್ರು ಇರಬಹುದು, ಲಾಯರು ಇರಬಹುದು. ಇರಲಿ ಬಿಡಿ. ನಮ್ಮ ಬಾವಿಕಟ್ಟೆ ಬೀದೀಲಿ ಮರಿಸ್ವಾಮಿ ಇದ್ದಾನೆ. ಅಂಥ ಪೆದ್ದ ಹತ್ತೂರು ಹುಡುಕಿದರೂ ಸಿಗಲ್ಲ. ಅವನು ನಮ್ಮವನು ಅಂತ ಎದೆ ತಟ್ಟಿ ಹೇಳ್ತೀನಿ.

ಅವನ ತಾಯಿ ಸೊಪ್ಪು ಮಾರೋ ಹೊಂಬಾಳಮ್ಮ. ಮಗ ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಏನು ಹೇಳಿದರೆ ಅದೇ ಮಾಡೋನು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿ ಇಲ್ಲ. "ಯಾವ ಗಳಿಗೇಲಿ ಹೆತ್ತೆನೋ ನಿನ್ನ!" ಅಂತ ಅವಳು ಹಣೆ ಚಚ್ಚಿಕೊಳ್ಳೋಳು.

ಆಗ ಊರಿಗೆಲ್ಲ ಒಂದು ಫೋನಿನ ಆಟದ ಹುಚ್ಚು ಹಿಡಿದಿತ್ತು. ಹೆಸರು ರಾಕ್ಷಸದುರ್ಗ. ಬಿಟ್ಟಿ ಆಟ. ದುಡ್ಡು ಕೊಟ್ಟೋರಿಗೆ ಚಿನ್ನದ ಕತ್ತಿ, ಕೊಡದೋರಿಗೆ ಮರದ ಕತ್ತಿ, ಅಷ್ಟೇ ವ್ಯತ್ಯಾಸ. ನಮ್ಮ ಹುಡುಗರು ಮರದ ಕತ್ತಿ ಹಿಡಿದೇ ಕಾದಾಡಿ ಒಂದು ಕೋಟೆ ಗೆದ್ದಿದ್ದರು! ಅದರ ಮೇಲೆ 'ಬಾವಿಕಟ್ಟೆ ಬೀದಿ' ಅಂತ ಬಾವುಟ! ಈ ದಂಡಿಗೆ ದಳವಾಯಿ ಅಂದರೆ ತೀರಿಹೋದ ಬೋರಣ್ಣನ ಮಗ ಶಿವರುದ್ರ. ಸಂಜೆಯಾದರೆ ಅವನ ಜಗಲಿ ತುಂಬ ದಂಡು. ಎಲ್ಲರ ಮನೆ ಮಕ್ಕಳೂ ಅಲ್ಲಿ ಕೂತಿರೋರು. ಮರಿಸ್ವಾಮಿ ಒಬ್ಬ ಟೀ ತರೋಕೆ ಓಡಾಡೋನು.

ಹೊಂಬಾಳಮ್ಮನ ಹೊಟ್ಟೆ ಉರೀತು. ಶಿವರುದ್ರನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಯಾಕ್ಲಾ, ನನ್ ಮಗ ಏನು ನಿಮ್ಮ ಟೀ ಲೋಟಾನಾ? ಅವನ್ನೂ ದಂಡಿಗೆ ಸೇರಿಸ್ಕೋ!"

"ಆಗ್ಲಿ ದೊಡ್ಡವ್ವ. ಕೆಲಸ ಕೆಡಿಸಿದ್ರೆ ಮಾತ್ರ ಆಚೆಗೆ."

ಮೊದಲನೇ ದಿನ. ಆಟದೊಳಗೆ ಮರಿಸ್ವಾಮಿಗೂ ಒಂದು ಗುಡಿಸಲು, ಒಂದು ಮರದ ಕತ್ತಿ, ಒಂದು ಬುರುಡೆ ಜೀವರಸ ಸಿಕ್ಕಿತು. ಬಾಗಿಲಿಗೆ ರಾಕ್ಷಸ ಬಂದ. "ಮನೆಗೆ ಬಂದೋರಿಗೆ ಮೊದಲು ಕುಡಿಯೋಕೆ ಕೊಡು" ಅಂತ ತಾಯಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳಲ್ಲ? ಕತ್ತಿ ಕೆಳಗಿಟ್ಟ. ಇದ್ದ ಜೀವರಸಾನೆಲ್ಲ ಕುಡಿಸಿದ. ರಾಕ್ಷಸ ಕುಡಿದ, ಕೊಬ್ಬಿದ, ಅವನನ್ನು ನುಂಗಿದ, ಪಕ್ಕದ ಗುಡಿಸಲಲ್ಲಿದ್ದ ದಂಡಿನವರನ್ನೂ ನುಂಗಿದ.

"ಅಯ್ಯೋ ಪೆದ್ದೇ! ರಾಕ್ಷಸನಿಗೆ ಯಾರಾದ್ರೂ ಉಪಚಾರ ಮಾಡ್ತಾರೇನ್ಲಾ!"

"ನೀನೇ ಹೇಳಿದ್ದೆ ಕಣವ್ವ!"

"ಆಟದಲ್ಲಿ ಹಂಗಲ್ಲ! ಬಾಗಿಲಿಗೆ ಯಾರೇ ಬರ್ಲಿ, ತೆಗೆದು ಎರಡು ಬಿಡು!"

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಮಾರನೇ ದಿನ ಬಾಗಿಲಿಗೆ ಬಂದಳು ಉಡುಗೊರೆ ಅಜ್ಜಿ. ದಂಡಿನವರಿಗೆಲ್ಲ ದಿನಕ್ಕೊಂದು ಪೆಟ್ಟಿಗೆ ಬಿಟ್ಟಿಯಾಗಿ ಹಂಚೋಳು ಅವಳು. ಬಿಟ್ಟಿ ಆಡೋರಿಗೆ ಅವಳೇ ಗತಿ. ಮರಿಸ್ವಾಮಿ ಬಾಗಿಲು ತೆಗೆದ, ಎರಡು ಬಿಟ್ಟ. ಅಜ್ಜಿ ಪೆಟ್ಟಿಗೆ ಸಮೇತ ಓಡಿದೋಳು ಆ ವಾರವೆಲ್ಲ ನಮ್ಮ ದಂಡಿನ ಕಡೆ ತಲೆ ಹಾಕಲಿಲ್ಲ. ಶಿವರುದ್ರ ಕುಣಿದಾಡಿಬಿಟ್ಟ.

"ಅಯ್ಯೋ ಪೆದ್ದೇ! ಕೊಡೋಕೆ ಬಂದ ಮುದುಕಿಗೆ ಹೊಡೆದ್ಯೇನ್ಲಾ!"

"ನೀನೇ ಹೇಳಿದ್ದೆ ಕಣವ್ವ!"

"ಬಿಟ್ಟಿ ಕೊಡ್ತೀನಿ ಅಂದೋರಿಗೆ ಬೇಡ ಅನ್ಬೇಡ! ಬಾಯಿ ಮುಚ್ಕೊಂಡು ತಗೋ!"

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಬಿಟ್ಟಿ ಆಟ ಅಂದಮೇಲೆ ನಡುನಡುವೆ ಜಾಹೀರಾತು ಬರಲೇಬೇಕಲ್ಲ. ಇದು ತಗೊಳ್ಳಿ, ಬಿಟ್ಟಿ! ಅದು ತಗೊಳ್ಳಿ, ಬಿಟ್ಟಿ! ಮರಿಸ್ವಾಮಿ ಬೇಡ ಅನ್ನಲಿಲ್ಲ. ಜ್ಯೋತಿಷ್ಯ ತಗೊಂಡ. ಇಂಗ್ಲಿಷ್ ಪಾಠ ತಗೊಂಡ. ತೂಕ ಇಳಿಸೋದು ತಗೊಂಡ, ಏರಿಸೋದೂ ತಗೊಂಡ. ಬಸುರಿ ಹೆಂಗಸರ ಆರೈಕೆ ಅಂತ ಬಂತು, ಅದನ್ನೂ ತಗೊಂಡ! ಇಷ್ಟೆಲ್ಲ ತುಂಬಿಕೊಂಡು ಫೋನು ಕಾದ ಕಾವಲಿ ಆಯ್ತು. ಅವತ್ತು ಸಂಜೆ ದಂಡು ಹೆಬ್ಬಾವಿನ ಗುಹೆಗೆ ಹೊರಟಿತ್ತು. ಇಕ್ಕಟ್ಟಿನ ಸೇತುವೆ, ಮುಂದುಗಡೆ ಮರಿಸ್ವಾಮಿ. ಅವನ ಫೋನು ಗಕ್ಕನೆ ನಿಂತುಹೋಯ್ತು. ಸೇತುವೆ ಮೇಲೆ ಅವನ ವೀರ ಒಂದು ಕಾಲೆತ್ತಿಕೊಂಡು ಹಾಗೇ ನಿಂತ. ಹಿಂದೆ ಇದ್ದೋರು ಮುಂದಕ್ಕೆ ಹೋಗಂಗಿಲ್ಲ, ಹಿಂದಕ್ಕೆ ತಿರುಗಂಗಿಲ್ಲ. ಹೆಬ್ಬಾವು ನಿಧಾನವಾಗಿ ಬಂದು ಒಬ್ಬೊಬ್ಬರನ್ನೇ ಮುಗಿಸಿತು.

"ಅಯ್ಯೋ ಪೆದ್ದೇ! ಯಾರು ಏನು ಅಂತ ನೋಡ್ದೆ ಸಿಕ್ಕಿದ್ದೆಲ್ಲ ತಗೋತಾರೇನ್ಲಾ!"

"ನೀನೇ ಹೇಳಿದ್ದೆ ಕಣವ್ವ!"

"ಮೊದಲು ವಿಚಾರಿಸ್ಬೇಕು! ಯಾವೂರು, ಯಾರ ಮಕ್ಕಳು, ಊಟ ಆಯ್ತಾ ಅಂತ ಕೇಳ್ಬೇಕು. ಆಮೇಲೆ ಮುಂದಿನ ಮಾತು!"

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಅಷ್ಟರಲ್ಲಿ ಸಂತೆಪೇಟೆ ದಂಡು ನಮ್ಮ ಕೋಟೆ ಮೇಲೆ ಏರಿ ಬಂತು. ಅವರಿಗೆ ಉರಿಸಿಂಗಿ ಅನ್ನೋ ದಳವಾಯಿ. ಆಟದೊಳಗೆ ಇಟ್ಟುಕೊಂಡ ಹೆಸರು ಅದು, ನಿಜವಾಗಿ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಕೋಟೆ ಹೋದರೆ ಬೀದಿ ಮಾನ ಹೋಯ್ತು ಅಂತ ನಮ್ಮ ಹುಡುಗರೆಲ್ಲ ಗೋಡೆ ಹತ್ತಿದರು. ಬಾಗಿಲು ಕಾಯೋಕೆ ಜನ ಸಾಲಲಿಲ್ಲ.

"ಮರಿಸ್ವಾಮಿ, ಬಾಗಿಲ ಬೀಗದ ಕೈ ನಿನ್ನ ಹತ್ರ ಇರ್ಲಿ. ಸುಮ್ನೆ ನಿಂತ್ಕೊ. ಇದೇ ಕೊನೆ ಸಲ, ಕೆಡಿಸಿದ್ರೆ ಈ ಜಗಲಿ ಹತ್ಬೇಡ!" ಅಂದ ಶಿವರುದ್ರ.

ಮರಿಸ್ವಾಮಿ ನಿಂತ. ನೋಡಬೇಕಿತ್ತು ಆ ನಿಲುವು! ಉರಿಸಿಂಗಿ ಚಿನ್ನದ ಕತ್ತಿ ಎತ್ತಿಕೊಂಡು ಬಾಗಿಲಿಗೇ ಬಂದಳು. ಇವನು ಫೋನಿನಲ್ಲಿ ಬರೆದ: "ಯಾವೂರು?"

"ಸಂತೆಪೇಟೆ. ಬಾಗಿಲು ತೆಗೀತೀಯೋ, ಒಡೀಲೋ?"

"ಯಾರ ಮಕ್ಕಳು?"

"ನಿಮ್ಮ ಬೀದಿ ಬೋರಣ್ಣನ ಮಗಳು ಸುಕನ್ಯ ಕಣೋ!"

ಶಿವರುದ್ರನ ಒಡಹುಟ್ಟಿದ ಅಕ್ಕ! ಸಂತೆಪೇಟೆಗೆ ಕೊಟ್ಟಿದ್ದ ಹುಡುಗಿ!

"ಅಯ್ಯೋ ಸುಕನ್ಯಕ್ಕ! ನಾನು ಮರಿಸ್ವಾಮಿ. ಊಟ ಆಯ್ತಾ? ಗೌರಿಹಬ್ಬ ಹೆಂಗಾಯ್ತು?"

"ಎಂಥ ಹಬ್ಬ ಮರಿ? ತವರಿಂದ ಬಾಗಿನಾನೇ ಬರ್ಲಿಲ್ಲ. ಅಪ್ಪ ಇದ್ದಿದ್ರೆ ತಪ್ಪಿಸ್ತಿರ್ಲಿಲ್ಲ. ನಿಮ್ಮ ದಳವಾಯಿಗೆ ಕೋಟೆ ಧ್ಯಾನ, ಅಕ್ಕನ ನೆನಪಿಲ್ಲ. ಅದಕ್ಕೇ ಆ ಕೋಟೇನೇ ಕೆಡವೋಕೆ ಬಂದಿದೀನಿ."

ಮರಿಸ್ವಾಮಿ ಕಣ್ಣಲ್ಲಿ ನೀರು ಬಂತು. ಮನೆಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಹಬ್ಬಕ್ಕೆ ಬಾಗಿನ ಇಲ್ಲ! ಬಾಗಿಲು ತೆಗೆದ. ಬೀಗದ ಕೈ ಅವಳಿಗೆ ಕೊಟ್ಟೇಬಿಟ್ಟ. "ತಗೋ ಅಕ್ಕ, ತವರಿನ ಬಾಗಿನ."

ಗೋಡೆ ಮೇಲಿದ್ದೋರು ಬಾಯಿ ಬಿಟ್ಟುಕೊಂಡು ನೋಡ್ತಿದ್ದ ಹಾಗೇ ನಮ್ಮ ಬಾವುಟ ಇಳೀತು.

ಶಿವರುದ್ರ ಫೋನು ಹಿಡಿದು ಹೊಂಬಾಳಮ್ಮನ ಮನೆಗೆ ನುಗ್ಗಿದ. ಹಿಂದೆ ದಂಡು, ದಂಡಿನ ಹಿಂದೆ ಇಡೀ ಬೀದಿ. "ನೋಡು ದೊಡ್ಡವ್ವ! ಇಲ್ಲಿ ಕೋಟೇಲಿ ನಿಂತು ನಗ್ತಾವ್ಳೆ ಅಕ್ಕ! ನಿನ್ ಮಗ ಬಾಗಿನ ಅಂತ ಕೋಟೆ ಕೊಟ್ಬಿಟ್ಟ!"

ಹೊಂಬಾಳಮ್ಮ ಮಗನನ್ನ ನೋಡಿದಳು. ಆಮೇಲೆ ಶಿವರುದ್ರನನ್ನ ನೋಡಿದಳು. "ಅದಿರ್ಲಿ. ಈ ಹಬ್ಬಕ್ಕೆ ನೀನು ಅಕ್ಕನಿಗೆ ಏನ್ ಕಳಿಸ್ದೆ?"

ದಳವಾಯಿ ಮೆಲ್ಲಗೆ ಬಾಗಿಲ ಕಡೆ ಸರಿದ.

"ಹೇಳ್ಲಾ! ಮಾನ ಮಾನ ಅಂತಿದ್ಯಲ್ಲ, ಈ ಬೀದಿ ಹೆಣ್ಣುಮಗಳು ಬಾಗಿನ ಇಲ್ದೆ ಹಬ್ಬ ಮಾಡಿದ್ಳಲ್ಲ, ಆಗೆಲ್ಲಿತ್ತು ಮಾನ? ಅದನ್ನ ಉಳಿಸ್ದೋನು ನನ್ ಮಗ!"

ಹೆಂಗಸರೆಲ್ಲ ಹೂಂಗುಟ್ಟಿದರು. ಶಿವರುದ್ರ ಕೈ ಮುಗಿದ. "ತಪ್ಪಾಯ್ತು ದೊಡ್ಡವ್ವ. ನಾಳೆ ನಾನೇ ತಗೊಂಡು ಹೋಗ್ತೀನಿ. ಇವನು ದಂಡಲ್ಲೇ ಇರ್ಲಿ."

ಹೊಂಬಾಳಮ್ಮನ ಮುಖ ಅರಳಿದ್ದನ್ನ ನಾನೇ ಕಂಡೆ. ಆ ಹೆಮ್ಮೇಲಿ ಮಗನ ತಲೆಗೊಂದು ಮೊಟಕಿದಳು. "ಆದ್ರೂ ಪೆದ್ದೇ, ಬರೀ ಕೋಟೆ ಕೊಡ್ತಾರೇನ್ಲಾ? ಅರಿಶಿನ, ಕುಂಕುಮ, ಅಕ್ಕಿ, ತೆಂಗಿನಕಾಯಿ ಇಲ್ದೆ ಅದೆಂಥ ಬಾಗಿನ!"

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ತಡೆಯೋರು ಯಾರು? ಶಿವರುದ್ರನ ಕೈಯಿಂದ ಫೋನು ಕಿತ್ತು ಬಾಗಿನದ ಮೊರದೊಳಗಿಟ್ಟ. ಪರದೆ ಮೇಲೆ ಸುಕನ್ಯಕ್ಕ ನಿಂತಿದ್ದ ಜಾಗಕ್ಕೆ ಅರಿಶಿನ ಬಳಿದ, ಕುಂಕುಮ ಇಟ್ಟ, ಸೇರು ಅಕ್ಕಿ ಸುರಿದ, ಮೇಲೆ ತೆಂಗಿನಕಾಯಿ ಧೊಪ್ಪನೆ ಇಳಿಸಿದ. ಒಳಗೆ ಚಟಾರ್ ಅಂತು. ಅಕ್ಕಿ ಸರಿಸಿ ನೋಡಿದರೆ ಫೋನು ಕಪ್ಪಗೆ ಮಲಗಿತ್ತು. ಶಿವರುದ್ರ ಕಿಟಾರನೆ ಕಿರುಚಿಕೊಂಡ.

ಮರಿಸ್ವಾಮಿ ಎದೆ ಉಬ್ಬಿಸಿ ತಾಯಿ ಕಡೆ ತಿರುಗಿದ. "ತಲುಪ್ತು ಕಣವ್ವ! ಅಕ್ಕ ತಗೊಂಡು ಬಾಗಿಲು ಹಾಕ್ಕೊಂಡ್ಳು!"