ಬೆರಳು ಮುಟ್ಟಿದರೆ ತೆರೆಯುವ ಬಾಗಿಲು

ನನ್ನ ಪುಟ್ಟ ಮಗಳು ನಿದ್ದೆಗೆ ಜಾರುವ ಹೊತ್ತಿಗೇ ನನ್ನನ್ನು ಕರೆಯಬೇಕೆಂದು ನಮ್ಮ ಆಫೀಸಿನಲ್ಲಿ ನಿಯಮವೇ ಇರಬೇಕು. ಅವತ್ತೂ ಆಫೀಸಿನ ವರಾಂಡದ ಸೀರೆ ಜೋಲಿಯಲ್ಲಿ ಅವಳನ್ನು ಬಿಟ್ಟು ಓಡಿದೆ. ಕಂಪ್ಯೂಟರ್ ಕೋಣೆಯ ಬಾಗಿಲು ಕಾಯುವುದು ನನ್ನ ಕೆಲಸ. ಊರಿನವರ ಕಾಗದಪತ್ರವೆಲ್ಲ ಈಗ ಇರುವುದು ಅಲ್ಲಿಯ ಯಂತ್ರಗಳೊಳಗೆ.

ಮ್ಯಾನೇಜರ್ ಅಚ್ಯುತರಾಯರು ಹೊಸ ಬೀಗವನ್ನು ಸವರುತ್ತಾ ನಿಂತಿದ್ದರು. "ನೋಡಮ್ಮ, ಇದು ನನ್ನ ಬೆರಳಿಗೆ ಮಾತ್ರ ತೆರೆಯುತ್ತೆ. ನೊಣವೂ ಒಳಗೆ ಹೋಗಲ್ಲ. ನಾಳೆಯಿಂದ ನೀನು ಬರೋದು ಬೇಡ."

"ಸಂಜೆಯೊಳಗೆ ನಾನೇ ಒಳಗೆ ಹೋದರೆ, ಸಾರ್?"

"ಹೋದರೆ ಕೆಲಸ ನಿನ್ನದೇ!" ಎಂದು ಗಹಗಹಿಸಿದರು.

ಊಟ ಮುಗಿದಿತ್ತು. ಫ್ಯಾನುಗಳು ಗುಂಯ್‌ಗುಡುತ್ತಿದ್ದವು. ಕಿಟಕಿಯ ಬಿಸಿಲು ನೆಲದ ಮೇಲೆ ನೀರಿನಂತೆ ಹರಡಿ, ಇಡೀ ಆಫೀಸೇ ಅದರಲ್ಲಿ ತೇಲುತ್ತಿರುವಂತಿತ್ತು. ನಿದ್ದೆ ಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ರಾಯರ ಹಿಂದೆಯೇ ಮೆಲ್ಲಗೆ ನಡೆದೆ. ಅವರು ಬೀಗದ ಮೇಲೆ ಬೆರಳಿಟ್ಟರು. ಬಾಗಿಲು ತೆರೆಯಿತು. ಹಿಂತಿರುಗಿ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಬಾಗಿಲು ಬಡಿದು ಮಗು ಎದ್ದೀತೆಂದು ಅವರೇ ಅದನ್ನು ಹಿಡಿದು ನಿಂತರು. "ಬಾ, ಒಳಗೆ ತಂಪಾಗಿದೆ, ಮಲಗಿಸು" ಎಂದು ಪಿಸುಗುಟ್ಟಿ ಕುರ್ಚಿಯನ್ನೂ ಎಳೆದುಕೊಟ್ಟರು.

"ಸಾರ್, ನಾನೀಗ ಎಲ್ಲಿದ್ದೀನಿ?" ಎಂದೆ.

ಕೂಗಲು ಉಸಿರೆಳೆದ ರಾಯರು ಮಗಳ ಮುಖ ನೋಡಿ ಕೂಗನ್ನು ನುಂಗಿದರು. ಬೈಗುಳವೂ ಪಿಸುಮಾತಿನಲ್ಲೇ ಬಂತು. "ಎಂಥಾ ಘಾಟಿ ಹೆಂಗಸಮ್ಮ ನೀನು! ನಾಳೆ ಬಂದು ಸಾಯಿ."

ಹಿಡಿದಿದ್ದ ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಾ ಕೇಳಿದರು: "ಹಾಗಾದರೆ ಇನ್ನು ಮೇಲೆ, ಮಲಗಿದ ಮಗು ಎತ್ತಿಕೊಂಡು ಬಂದವರಿಗೆ ಬಾಗಿಲು ಹಿಡಿಯಲೇಬಾರದೇನಮ್ಮ?"

ಬಾಗಿಲು ಕಾಯುವವಳು ನಾನು. ಆದರೂ ಅವರು ಎಳೆದುಕೊಟ್ಟ ಕುರ್ಚಿಯಲ್ಲೇ ಮಗಳನ್ನು ಮಡಿಲಿಗೆ ಹಾಕಿಕೊಂಡು ಕೂತೆ.