ಗಾದಿಕುರ್ಚಿಗೆ ಬಣ್ಣ ಹಚ್ಚಿದವನು

"ಅಜ್ಜಾರ, ನನ್ನ ನೇಮದಾಗ ಎಲ್ಲಿ ತಪ್ಪೈತಿ, ಹೇಳ್ರಿ."

ಮಠದ ಜಗಲಿಯಲ್ಲಿ ಹೀಗೆ ಕೇಳಿದವನು ಅಡವೀಶ. ಮಠದ ಗುರುವಾದ ಅಜ್ಜನ ಬಳಿ ಆರು ವರ್ಷ ಕಲಿತ ಶಿಷ್ಯ. ಮುಂದಿನ ತಿಂಗಳು ಅವನನ್ನು ದೂರದ ಒಂದು ಚಿಕ್ಕ ಮಠಕ್ಕೆ ಗುರುವಾಗಿ ಕಳಿಸುವುದೆಂದು ನಿಶ್ಚಯವಾಗಿತ್ತು. ಅವನು ಆಡಿದ ಮಾತಿಗೆ ತಪ್ಪಿದವನಲ್ಲ, ಹೊತ್ತು ಮೀರಿ ಎದ್ದವನಲ್ಲ, ಉಪವಾಸದ ದಿನ ನೀರನ್ನೂ ಅಳೆದು ಕುಡಿದವನು. ಜನ ಅವನನ್ನು ಕಂಡರೆ ಕೈಮುಗಿಯುತ್ತಿದ್ದರು, ಇಂಥವರು ಹುಡುಕಿದರೂ ಸಿಗುವುದಿಲ್ಲ ಎಂದು ಹೊಗಳುತ್ತಿದ್ದರು. ಆದರೆ ಮಗು ಕಾಯಿಲೆ ಬಿದ್ದವರು, ಮನೆಯಲ್ಲಿ ಜಗಳ ಕಾಯ್ದವರು, ಬದುಕು ಬೇಸರವಾದವರು ಅವನನ್ನು ದಾಟಿ ಹೋಗಿ, ಮಠದ ದನ ನೋಡಿಕೊಳ್ಳುವ ಮುದುಕನ ಮುಂದೆ ಕೂತು ಅಳುತ್ತಿದ್ದರು. ಹೊಸ ಊರಿನಲ್ಲಿಯೂ ಹೀಗೇ ಆದರೆ ತಾನು ಹೋಗಿ ಮಾಡುವುದಾದರೂ ಏನು ಎಂಬುದು ಅಡವೀಶನ ಸಂಕಟ.

"ನೇಮದಾಗ ತಪ್ಪಿಲ್ಲ," ಅಂದರು ಅಜ್ಜ. "ಕುಂದರು. ಒಬ್ಬ ಚಿತ್ರಗಾರನ ಕತಿ ಹೇಳತೀನಿ."

ಅಜ್ಜ ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಚಿತ್ರಗಾರನಿದ್ದ. ಕಟ್ಟಿಗೆಯ ದೇವರಿಗೆ ಬಣ್ಣ ಹಾಕುವುದು ಅವನ ಮನೆತನದ ಕೆಲಸ. ಹುಣಸೆಬೀಜದ ಅಂಟಿನಲ್ಲಿ ಬಿಳಿಮಣ್ಣು ಕಲಸಿ ಕಟ್ಟಿಗೆಗೆ ಮೆತ್ತುವನು. ಅದು ಒಣಗಿದ ಮೇಲೆ ಕಲ್ಲಿನಿಂದ ತಿಕ್ಕಿ ನುಣುಪು ಮಾಡುವನು. ಮೇಲೆ ದಪ್ಪಗೆ ಬಣ್ಣ ಹಚ್ಚಿ, ಕಡೆಗೆ ಮೆರುಗೆಣ್ಣೆ ಎಳೆಯುವನು. ಅವನ ಕೈಯ ದೇವರು ಮೂವತ್ತು ವರ್ಷವಾದರೂ ಒಂದು ಚೂರು ಬಣ್ಣ ಉದುರಿಸುತ್ತಿರಲಿಲ್ಲ. ತನ್ನ ಕೈಯ ಬಗ್ಗೆ ಅವನಿಗೆ ಜಂಬವಿತ್ತು. ಅಂಥ ಕೈಗೆ ಅದು ಇರಬೇಕಾದದ್ದೇ.

ಅದೇ ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅವನ ತಾಯಿಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹನ್ನೆರಡು ವರ್ಷದಿಂದ ಆಕೆ ಒಂದು ಗಾದಿಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಳು. ಬೇರೆಲ್ಲಿಯೂ ಆಕೆಗೆ ಕಣ್ಣು ಹತ್ತುತ್ತಿರಲಿಲ್ಲ. ಕುರ್ಚಿಗೆ ಹೊದಿಸಿದ ಬಟ್ಟೆ ಮಾಸಿತ್ತು, ಅಲ್ಲಲ್ಲಿ ಕಷಾಯ ಚೆಲ್ಲಿದ ಕಲೆಗಳಿದ್ದವು. ಮೊಮ್ಮಗಳ ನಿಶ್ಚಯಕ್ಕೆ ಬೀಗರು ಬರುವ ದಿನ ಹತ್ತಿರವಾದಾಗ ವರ್ತಕನಿಗೆ ಆ ಕುರ್ಚಿ ಕಣ್ಣಿಗೆ ಚುಚ್ಚತೊಡಗಿತು. ಬಟ್ಟೆ ಬದಲಿಸಬೇಕೆಂದರೆ ಮೊಳೆ ಕಿತ್ತು ಒಳಗಿನ ನಾರು, ಹತ್ತಿ ಎಲ್ಲ ಕೆದಕಬೇಕು. ಹಾಗೆ ಮಾಡಿದರೆ ತಾಯಿಯ ಮೈಗೆ ಹೊಂದಿಕೊಂಡಿದ್ದ ತಗ್ಗು ಹೋಗಿಬಿಡುತ್ತದೆ. ಅದಕ್ಕೆ ಅವನು ಚಿತ್ರಗಾರನನ್ನು ಕರೆಸಿ, ಬಟ್ಟೆಯ ಮೇಲೆಯೇ ಬಣ್ಣ ಹಚ್ಚಲು ಹೇಳಿದ.

ಚಿತ್ರಗಾರ ತನಗೆ ಬರುವುದನ್ನೇ ಮಾಡಿದ. ಬಟ್ಟೆಯ ನೂಲುನೂಲಿನ ಸಂದಿಗೂ ಅಂಟುಮಣ್ಣು ತುಂಬಿದ. ಕಲ್ಲಿನಿಂದ ತಿಕ್ಕಿದ. ಕುಂಕುಮದ ಕೆಂಪು ಹಚ್ಚಿ, ಅಂಚಿಗೆ ಬಂಗಾರದ ಗೆರೆ ಎಳೆದು, ಮೇಲೆ ಮೆರುಗೆಣ್ಣೆ ಸವರಿದ. ಆರನೆಯ ದಿನ ಕುರ್ಚಿ ಸಿಂಹಾಸನದ ಹಾಗೆ ಹೊಳೆಯಿತು. ಓಣಿಯವರು ಬಂದು ಬಂದು ನೋಡಿದರು. ಒಬ್ಬನಂತೂ ಕುರ್ಚಿಗೆ ಕೈಮುಗಿದೇ ಬಿಟ್ಟ.

ಮುದುಕಿ ಅದರಲ್ಲಿ ಕೂತಳು. ಮೆತ್ತಗಿದ್ದ ಗಾದಿ ಹಲಗೆಯಾಗಿತ್ತು. ತಗ್ಗು ಅಲ್ಲೇ ಇತ್ತು, ಆದರೆ ಅದು ಕಲ್ಲಿನ ತಗ್ಗು. ಆಕೆ ಕೆಮ್ಮಿದಾಗಲೆಲ್ಲ ಬೆನ್ನ ಹಿಂದೆ ಟಪ್ಪೆಂದು ಒಂದು ಬಿರುಕು ಬಿಡುತ್ತಿತ್ತು. ಬಿರುಕಿನ ಅಂಚು ತೋಳನ್ನು ಗೀರುತ್ತಿತ್ತು. ಮಗ ಖುಷಿಯಲ್ಲಿದ್ದಾನೆಂದು ಆಕೆ ಬಾಯಿ ಬಿಡಲಿಲ್ಲ. ಮೂರು ದಿನ ಒಂದು ಚಣವೂ ಕಣ್ಣು ಮುಚ್ಚಲಿಲ್ಲ.

ಇಲ್ಲಿ ಅಜ್ಜ ಕತೆ ನಿಲ್ಲಿಸಿ, ಬೆನ್ನು ಸೆಟೆಸಿ ಕೂತಿದ್ದ ಶಿಷ್ಯನನ್ನು ನೋಡಿದರು.

"ಗ್ವಾಡಿಗೆ ಒರಗಪಾ. ನಿನ್ನ ನೋಡಿ ನನ್ನ ಬೆನ್ನು ನೋಯಾಕ ಹತ್ತೈತಿ."

"ಕತಿ ಕೇಳುವಾಗ ಒರಗಬಾರದು ಅಂತ ನೇಮ ಐತ್ರಿ," ಅಂದ ಅಡವೀಶ.

ಅಜ್ಜ ಕತೆ ಮುಂದುವರಿಸಿದರು.

ನಾಲ್ಕನೆಯ ದಿನ ವರ್ತಕ ಬಿರುಕುಗಳನ್ನು ಕಂಡ. ಕೂಡಲೇ ಚಿತ್ರಗಾರನನ್ನು ಕರೆಸಿದ. ಚಿತ್ರಗಾರ ಕುರ್ಚಿಯ ಸುತ್ತ ಒಂದು ಸುತ್ತು ಬಂದ. ತಪ್ಪು ಎಲ್ಲಿದೆ ಎಂಬುದು ಅವನಿಗೆ ತಕ್ಷಣ ತಿಳಿಯಿತು. ತಿಳಿಯಿತೆಂದು ಅವನು ಅಂದುಕೊಂಡ.

"ಅವ್ವಾರಿಗೆ ಅಲುಗಾಡಬ್ಯಾಡ ಅಂತ ಹೇಳ್ರಿ," ಅಂದ. "ನಾ ಬಣ್ಣ ಹಚ್ಚಿದ ದ್ಯಾವರು ಇವತ್ತಿನ ತನಕ ಒಂದೂ ಬಿರುಕು ಬಿಟ್ಟಿಲ್ಲ."

ಮುದುಕಿ ಗೋಡೆ ಹಿಡಿದು ನಿಂತಿದ್ದಳು. ಆಕೆಗೆ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಯಪ್ಪಾ, ನಿನ್ನ ದ್ಯಾವರಿಗೆ ಕೆಮ್ಮು ಬರೂದಿಲ್ಲೇನು?"

ಚಿತ್ರಗಾರ ಕುರ್ಚಿಯ ಕಡೆ ತಿರುಗಿದ. ಅವನು ಹೋಗಿ ತಾನೇ ಆ ಕುರ್ಚಿಯಲ್ಲಿ ಕೂತ. ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತು ಕೂತಿರಲು ಅವನ ಕೈಲಾಗಲಿಲ್ಲ. ಇಷ್ಟು ವರ್ಷದಲ್ಲಿ ಅವನು ಬಣ್ಣ ಹಚ್ಚಿದ ವಸ್ತುವನ್ನು ಒಮ್ಮೆಯೂ ಮೈಗೆ ಆನಿಸಿಕೊಂಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಆದರೆ ಅವನು ಒಳ್ಳೆಯ ಕೆಲಸಗಾರ. ನಾಚಿಕೆಯನ್ನು ಹಿಡಿದುಕೊಂಡು ಕೂರಲಿಲ್ಲ.

"ಇದನ್ನೆಲ್ಲ ತಗದು ಮತ್ತ ಮಾಡತೀನಿ," ಅಂದ.

"ಬೀಗರು ಬರಾಕ ಇನ್ನ ಆರ ದಿನ ಉಳದಾವ," ಅಂದ ವರ್ತಕ. "ಬಿರುಕು ಮುಚ್ಚಿ ಮ್ಯಾಲೊಂದು ಮೆರುಗು ಹೊಡಿ, ಸಾಕು."

"ಬೀಗರು ಒಂದ ತಾಸು ನೋಡತಾರ್ರಿ. ಅವ್ವಾರು ದಿನಾ ಕುಂದರತಾರ."

ವರ್ತಕ ಗೊಣಗಿದ. ಚಿತ್ರಗಾರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಹಾಸಿ ಅಂಟನ್ನು ನೆನೆಸಿದ. ನೆನೆದದ್ದನ್ನು ಬಿದಿರಿನ ಸೀಳಿನಿಂದ ಕೆರೆದ, ತೊಳೆದ, ಮತ್ತೆ ನೆನೆಸಿದ. ಎರಡು ದಿನ ಇದೇ ಆಯಿತು. ಬಟ್ಟೆಯ ನೇಯ್ಗೆ ಮತ್ತೆ ಕಂಡ ಮೇಲೆ ಬಿಸಿಲಿಗೆ ಇಟ್ಟು ಒಣಗಿಸಿದ.

ಆಮೇಲೆ ಅವನು ಹೊಸಬನ ಹಾಗೆ ಕೆಲಸಕ್ಕೆ ಕೂತ. ಮೊದಲು ಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡಿದ. ಬಣ್ಣಕ್ಕೆ ಚಿಟಿಕೆ ಗೋಂದು ಬೆರೆಸಿ, ನೀರುಮಜ್ಜಿಗೆಯಷ್ಟು ತೆಳ್ಳಗೆ ಕಲಸಿದ. ಅದನ್ನು ಬಟ್ಟೆಯ ಮೇಲೆ ಕೂರಿಸದೆ, ಕುಂಚದಿಂದ ನೂಲಿನ ಒಳಕ್ಕೆ ಇಳಿಸಿದ. ಮೊದಲ ಸಲ ಹಚ್ಚಿದಾಗ ಹಚ್ಚಿದ್ದೇ ಕಾಣಲಿಲ್ಲ. ವರ್ತಕ ಬಂದು ನೋಡಿ ಹಣೆ ಚಚ್ಚಿಕೊಂಡ. ಚಿತ್ರಗಾರ ನೆರಳಲ್ಲಿ ಒಣಗಲು ಬಿಟ್ಟ, ಒರಟು ಬಟ್ಟೆಯಿಂದ ಉಜ್ಜಿ ಬಿರುಸು ತೆಗೆದ, ತಾನೇ ಕೂತು ಎದ್ದು ನೋಡಿದ. ಬೆನ್ನಿಗೆ ಹಿತವೆನಿಸಿದ ಮೇಲೆಯೇ ಎರಡನೆಯ ಸಲ ಹಚ್ಚಿದ. ಹೀಗೆ ಐದು ಸಲ. ಹಚ್ಚುವುದು ಅರ್ಧ ಗಳಿಗೆ, ಕಾಯುವುದು ಅರ್ಧ ದಿನ. ಕಡೆಯ ಸಲ ಬಿಳಿಯ ಧೋತರ ಉಟ್ಟು ಕೂತ. ಎದ್ದಾಗ ಧೋತರಕ್ಕೆ ಬಣ್ಣ ಹತ್ತಿರಲಿಲ್ಲ.

ಆ ಆರು ದಿನ ಮುದುಕಿ ದಿಂಬುಗಳನ್ನು ಒಟ್ಟಿಕೊಂಡು ಗೋಡೆಗೆ ಒರಗಿ ಕೂತೇ ಕಳೆದಳು. ಅಲ್ಲಿ ಆಗೀಗ ತೂಕಡಿಸಿದಳೇ ಹೊರತು ಸರಿಯಾಗಿ ಕಣ್ಣು ಹತ್ತಲಿಲ್ಲ. ಕೆನ್ನೆ ಬತ್ತಿ ಹೋಗಿತ್ತು. ಮೊಮ್ಮಗಳು, ನಿಶ್ಚಯವೇ ಬೇಡ, ಅಜ್ಜಿ ಮೊದಲಿನ ಹಾಗಾದರೆ ಸಾಕು ಎಂದು ಅತ್ತಳು.

ಬೀಗರು ಬರುವ ದಿನ ಬಂತು. ಚಿತ್ರಗಾರ ಕುರ್ಚಿಯನ್ನು ಪಡಸಾಲೆಯಲ್ಲಿ ಇಟ್ಟ. ಹೊಳಪಿಲ್ಲ, ಬಂಗಾರದ ಗೆರೆಯಿಲ್ಲ. ಇಟ್ಟಿಗೆಯ ಕೆಂಪು, ಅಷ್ಟೇ. ಕಲೆಗಳು ಹೋಗಿದ್ದವು, ಬಟ್ಟೆ ಬಟ್ಟೆಯಾಗಿಯೇ ಉಳಿದಿತ್ತು. ವರ್ತಕನ ಮುಖ ಇಳಿದುಹೋಯಿತು. ಇಷ್ಟಕ್ಕೆ ಇಷ್ಟೊಂದು ದಿನ ಬೇಕಿತ್ತೇ ಎಂಬಂತೆ ಚಿತ್ರಗಾರನನ್ನು ದುರುಗುಟ್ಟಿಕೊಂಡು ನೋಡಿದ. ಚಿತ್ರಗಾರ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅವನು ವರ್ತಕನನ್ನು ನೋಡುತ್ತಿರಲಿಲ್ಲ.

ಬೀಗರು ಬಂದರು. ಕೈಕಾಲು ತೊಳೆದು ಜಮಖಾನದ ಮೇಲೆ ಕೂತರು. ಮನೆಯ ಹಿರಿಯಳು ಬಂದು ಕೂರುವ ತನಕ ಮಾತು ತೆಗೆಯುವ ಹಾಗಿರಲಿಲ್ಲ. ಮುದುಕಿ ಮೊಮ್ಮಗಳ ಭುಜ ಹಿಡಿದು ನಿಧಾನವಾಗಿ ಬಂದಳು. ಎಲ್ಲರೂ ನೋಡುತ್ತಿದ್ದಂತೆ ಕುರ್ಚಿಯಲ್ಲಿ ಕೂತು, ಬೆನ್ನು ಆನಿಸಿದಳು.

ಅಜ್ಜ ಅಲ್ಲಿಗೆ ನಿಲ್ಲಿಸಿದರು.

ಅಡವೀಶನಿಗೆ ತಡೆಯಲಾಗಲಿಲ್ಲ.

"ಆಮ್ಯಾಲೆ ಬೀಗರು ಏನಂದ್ರು, ಅಜ್ಜಾರ? ಕುರ್ಚಿ ನೋಡಿ ಹೊಗಳಿದ್ರೋ ಇಲ್ಲೋ?"

"ಯಾರೂ ತುಟಿ ಬಿಚ್ಚಲಿಲ್ಲೋ, ಮುದುಕಿಗೆ ನಿದ್ದಿ ಹತ್ತಿತ್ತು."