ಬಡಗಣ ಬಾಗಿಲು

ವಿಮಳನಂದಿ ಭಟಾರರು ಬೆರಳ ತುದಿ ತಾಗಿಸಿದೊಡನೆ, ಕೋಟೆಯ ಬಡಗಣ ಬಾಗಿಲಿಗೆ ಅಡ್ಡವಾಗಿ ಒಟ್ಟಿದ್ದ ಬಂಡೆಗಳೆಲ್ಲ ಮಲ್ಲಿಗೆಯ ಮೊಗ್ಗುಗಳಾಗಿ ಉದುರಿದವು ಎಂದು ಮರುದೇವಜ್ಜಿ ಹೇಳುತ್ತಿದ್ದರು. ನನಗಾಗ ಏಳೋ ಎಂಟೋ ವರ್ಷ. ಪರ್ವದ ದಿನಗಳಲ್ಲಿ ಅಜ್ಜಿ ಬಸದಿಯ ಹಿಂದಿನ ಜಗಲಿಯಲ್ಲಿ ಕುಳಿತು ಹೆಸರುಬೇಳೆ ಆರಿಸುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕಾದ್ದರಿಂದ ಕಥೆಗೂ ಒಂದು ಆತುರವಿರುತ್ತಿತ್ತು. "ಎಷ್ಟು ಮೊಗ್ಗು, ಅಜ್ಜೀ?" ಎಂದು ಕೇಳಿದರೆ, "ಎಣಿಸುತ್ತಾ ಕೂತವರಿಗೆ ಪುಣ್ಯ ಬರುವುದಿಲ್ಲ, ಮಗು. ಬೇಳೆಯಲ್ಲಿ ಕಲ್ಲು ನೋಡು" ಎನ್ನುತ್ತಿದ್ದರು. ಆ ಜಗಲಿಯ ತಂಪು, ಮೊರದ ಸದ್ದು, ಅಜ್ಜಿಯ ಒಡೆದ ಬಳೆಯ ಗೀರು ಈಗಲೂ ನೆನಪಿವೆ. ಮೊಗ್ಗುಗಳನ್ನು ಮಾತ್ರ ನಂಬಲಾರದವಳಾದೆ. ಅವನ್ನು ಬದಿಗಿಟ್ಟು ನೋಡಿದಾಗ ಉಳಿಯುವ ಪ್ರಸಂಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ಕಿರುದೊರೆ ಎಂಬ ಹೊಳೆ ಆಗ ಎರಡು ರಾಜ್ಯಗಳ ಗಡಿಯಾಗಿತ್ತು. ತೆಂಕಣ ದಡದ ಸಣ್ಣ ಕೋಟೆಯಲ್ಲಿದ್ದುಕೊಂಡು ಆ ಗಡಿನಾಡನ್ನು ಆಳುತ್ತಿದ್ದವನು ಇಂದಪರಸ. ಅವನ ತಂದೆಯ ಕಾಲದಲ್ಲಿ ಆಚೆ ದಡದ ಶ್ರಾವಕರೂ ಹೊಳೆ ದಾಟಿ, ಕೋಟೆಯ ಬಡಗಣ ಬಾಗಿಲಿನಿಂದ ಒಳಬಂದು, ಬಸದಿಯಲ್ಲಿ ಪೂಜೆ ಸಲ್ಲಿಸಿ ಹೋಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಆಚೆಯವರು ತುರು ಹಿಡಿಯಲು ನುಗ್ಗಿದಾಗ, ದನಗಳನ್ನು ಬಿಡಿಸಿಕೊಳ್ಳಲು ಹೋದ ಇಂದಪನ ತಮ್ಮ ಮಾಚ ಹೊಳೆ ದಾಟುವ ಕಡವಿನಲ್ಲೇ ಮಡಿದ. ಇಂದಪನು ತಮ್ಮನಿಗೆ ವೀರಗಲ್ಲು ನೆಡಿಸಿ, ಅದರ ಮುಂದೆ ನಿಂತು, ಆಚೆಯ ಊರು ಸುಟ್ಟು ಬೂದಿಯಾಗುವವರೆಗೆ ಬಡಗಣ ಬಾಗಿಲು ತೆರೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ. ಬಾಗಿಲಿಗೆ ಅಗುಳಿ ಬಿತ್ತು. ಅಗುಳಿಯ ಹಿಂದೆ ಆಳೆತ್ತರದ ಬಂಡೆಗಳ ರಾಶಿ ಬಿತ್ತು.

ಮೂರು ವರ್ಷಗಳ ಬಳಿಕ ವಿಮಳನಂದಿ ಭಟಾರರು ಚಾತುರ್ಮಾಸ್ಯಕ್ಕೆಂದು ಆ ಕೋಟೆಗೆ ಬಿಜಯಂಗೈದರು. ಕೋಟೆಯೊಳಗಿನ ಗುಡ್ಡದಲ್ಲಿ ಇಬ್ಬರು ಮಲಗಿದರೆ ಮೂರನೆಯವರಿಗೆ ಎಡೆಯಿಲ್ಲದಂಥ ಒಂದು ಗವಿ. ಅಲ್ಲಿ ನವಿಲುಗರಿಯ ಪಿಂಛಿಯನ್ನೂ ಮರದ ಕಮಂಡಲುವನ್ನೂ ಇರಿಸಿಕೊಂಡು ಮಳೆಗಾಲದ ನಾಲ್ಕು ತಿಂಗಳು ಕಳೆಯಲು ನಿಂತರು.

ದಿಗಂಬರ ಮುನಿಗಳು ಆಹಾರ ಸ್ವೀಕರಿಸುವುದು ದಿನಕ್ಕೊಮ್ಮೆ ಮಾತ್ರ. ಅದೂ ನಿಂತುಕೊಂಡು, ಅಂಗೈಯಲ್ಲಿ. ಕೆಲವೊಮ್ಮೆ ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಳ್ಳುತ್ತಾರೆ: ಇಂಥದೊಂದು ಕಂಡರೆ ನಿಲ್ಲುವುದು, ಕಾಣದಿದ್ದರೆ ಹಿಂದಿರುಗುವುದು. ಅದು ಏನೆಂದು ಯಾರಿಗೂ ತಿಳಿಸುವಂತಿಲ್ಲ. ಕಾಣದ ದಿನ ನೀರೂ ಇಲ್ಲ. ಶ್ರಾವಣ ಕಳೆದು ಭಾದ್ರಪದ ಹುಟ್ಟಿದ ದಿನ ಭಟಾರರು ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಬೆರಳುಗಳನ್ನು ಭುಜದ ಮೇಲಿರಿಸಿಕೊಂಡು ಬೀದಿಯುದ್ದಕ್ಕೂ ನಡೆದರು. ಯಾವ ಮನೆಯ ಮುಂದೆಯೂ ನಿಲ್ಲದೆ ಹಿಂದಿರುಗಿದರು. ಮರುದಿನವೂ ಹಾಗೆಯೇ ಆಯಿತು.

ಮೂರನೆಯ ದಿನಕ್ಕೆ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಬಾಗಿಲಲ್ಲಿ ನಿಂತರು. ಕಳಶ, ತೆಂಗಿನಕಾಯಿ, ಕಬ್ಬಿನ ಜಲ್ಲೆ, ತಾವರೆ. ಯಾವುದು ಭಟಾರರ ಮನಸ್ಸಿನಲ್ಲಿದೆಯೋ ಬಲ್ಲವರಾರು? ಕುಂಬಾರ ಸೊಣ್ಣಯ್ಯ ಒಂದು ಕೈಯಲ್ಲಿ ಮಾವಿನ ಟೊಂಗೆ, ಇನ್ನೊಂದರಲ್ಲಿ ಕರುವಿನ ಹಗ್ಗ ಹಿಡಿದಿದ್ದ.

"ಹೆಂಡತಿಯನ್ನೂ ಹೆಗಲ ಮೇಲೆ ಕೂರಿಸಿಕೋ, ಅದೊಂದು ಬಾಕಿ" ಎಂದು ನೆರೆಮನೆಯವಳು ಹಂಗಿಸಿದಳು.

"ಅದಕ್ಕೂ ಸಿದ್ಧನೇ ಅಕ್ಕಾ, ಅವಳು ಒಪ್ಪಬೇಕಲ್ಲ!"

ಐದನೆಯ ದಿನ ಯಾರೂ ನಗಲಿಲ್ಲ. ಭಟಾರರ ಹೆಜ್ಜೆ ತೂರಾಡುತ್ತಿತ್ತು. ಅರಸನ ತಾಯಿ ಚಾಗಿಯಬ್ಬೆಯ ಮನೆ ಬಡಗಣ ಬಾಗಿಲ ಪಕ್ಕದಲ್ಲೇ ಇತ್ತು. ಮುನಿಗಳಿಗೆ ಆಹಾರವಾಗದೆ ತಾನು ಉಣ್ಣೆನೆಂದು ಆ ಮುದುಕಿಯೂ ಬರಿಯ ನೀರಿನ ಮೇಲಿದ್ದಳು. ಮಗ ಬಂದು ಗದರಿದ.

"ಅವ್ವಾ, ಈ ಸವಣರು ಬಡಗಣವರ ಕಡೆಯ ಬೇಹಿನವರೋ ಏನೋ! ಅವರಿಗಾಗಿ ನೀನೇಕೆ ಸಾಯುತ್ತೀ?"

"ಬೇಹಿನವರು ಹೊಟ್ಟೆ ತುಂಬ ಉಂಡು ಬೇಹು ನೋಡುತ್ತಾರೆ ಮಗನೇ. ಒಬ್ಬ ಮಗನನ್ನು ಹೊಳೆಗೆ ಕೊಟ್ಟೆ. ಈಗ ನಮ್ಮ ಮನೆಯ ಮುಂದೆ ಒಬ್ಬ ಮುನಿ ಹಸಿದು ಬಿದ್ದರೆ, ನಾನು ಯಾವ ಮುಖ ಹೊತ್ತು ಬಸದಿಗೆ ಹೋಗಲಿ?"

ಆರನೆಯ ದಿನವೂ ಭಟಾರರು ಬರಿಗೈಯಲ್ಲಿ ಹಿಂದಿರುಗಿದರು. ಆ ಮಧ್ಯಾಹ್ನ ಇಂದಪರಸ ಗವಿಗೆ ನಡೆದ. ಕತ್ತಿಯನ್ನು ಹೊರಗಿಡಲಿಲ್ಲ, ನಮಸ್ಕರಿಸಲೂ ಇಲ್ಲ.

"ನಿಮಗೇನು ಬೇಕು? ಹೇಳಿ. ಈ ನಾಡಿನಲ್ಲಿ ಇರುವುದಾದರೆ ನಾಳೆ ಬೆಳಗ್ಗೆ ಬೀದಿಯಲ್ಲಿರುತ್ತದೆ."

ಭಟಾರರು ಕಣ್ತೆರೆದು ನುಡಿದರು: "ಹೇಳಿದರೆ ಅದು ವ್ರತವಾಗದು, ಅರಸ. ಬೇಡಿಕೆಯಾಗುತ್ತದೆ."

"ನಿಮ್ಮ ವ್ರತ ನನ್ನ ತಾಯಿಯನ್ನು ಕೊಲ್ಲುತ್ತಿದೆ. ವ್ರತವೆಂದರೇನು ಎಂಬುದು ನನಗೂ ಗೊತ್ತು. ನಾನೂ ಒಂದನ್ನು ಹೊತ್ತವನೇ."

"ಬಲ್ಲೆ. ನಿನ್ನ ವ್ರತವನ್ನು ಊರೆಲ್ಲ ಬಲ್ಲದು. ಅದನ್ನು ನೀನು ಬಿಡಬಲ್ಲೆ ಎಂಬುದನ್ನು ಮಾತ್ರ ನೀನೊಬ್ಬನೇ ಅರಿಯೆ."

ಅಷ್ಟೇ. ಭಟಾರರು ಮತ್ತೆ ಕಣ್ಮುಚ್ಚಿದರು.

ಇಂದಪರಸ ಸಿಟ್ಟಿನಿಂದಲೇ ಗುಡ್ಡ ಇಳಿದ. ಗಡಿಯಲ್ಲಿ ಬೆಳೆದವನು, ಕದ್ದೊಯ್ದ ದನಗಳ ಗೊರಸಿನ ಗುರುತು ನೋಡಿ ಎಷ್ಟು ದನ, ಎಷ್ಟು ಹೊತ್ತಿನ ಹಿಂದೆ, ಯಾವ ಕಡೆಗೆ ಎಂದು ಹೇಳಬಲ್ಲವನು. ಮೂರು ದಿನಗಳಿಂದ ಮಳೆ ಬಿಡುವು ಕೊಟ್ಟಿದ್ದರಿಂದ ಬೀದಿಯ ಕೆಸರು ಗಟ್ಟಿಯಾಗುತ್ತಿತ್ತು. ಅದರ ಮೇಲೆ ಭಟಾರರ ಬರಿಗಾಲಿನ ಹೆಜ್ಜೆಗಳು ಮೂಡಿದ್ದವು. ಅಭ್ಯಾಸಬಲದಿಂದ ಅವನ ಕಣ್ಣು ಆ ಜಾಡು ಹಿಡಿಯಿತು. ಹೆಜ್ಜೆಗಳು ಬಸದಿಯ ಮುಂದೆ ನಿಂತಿರಲಿಲ್ಲ. ಅರಮನೆಯ ಮುಂದೆಯೂ ನಿಂತಿರಲಿಲ್ಲ. ನೇರವಾಗಿ ಬಡಗಣ ಬಾಗಿಲಿನ ಬಂಡೆರಾಶಿಯವರೆಗೆ ಹೋಗಿದ್ದವು. ಅಲ್ಲಿ ಎರಡೂ ಹಿಮ್ಮಡಿ ಆಳವಾಗಿ ಊರಿದ್ದವು, ಬಹಳ ಹೊತ್ತು ನಿಂತವರ ಹೆಜ್ಜೆಯಂತೆ. ಅಲ್ಲಿಂದ ತಿರುಗಿದ್ದವು. ಮೂರು ದಿನದ ಮೂರು ಜಾಡು, ಮೂರೂ ಅಲ್ಲಿಯೇ ತಿರುಗಿದ್ದವು.

 ಅವನು ಅಲ್ಲಿಂದಲೇ ಕೋಟೆಯ ಕಾವಲಿನ ನಾಯಕ ಕೇತನನ್ನು ಕೂಗಿದ.

"ಈ ಬಾಗಿಲಾಚೆ ಏನಿದೆ?"

"ಹೊಳೆ ಇದೆ, ಒಡೆಯಾ. ಮತ್ತೆ... ಹೆಂಗಸೊಬ್ಬಳು."

"ಯಾವ ಹೆಂಗಸು?"

"ಆಚೆ ದಡದ ಕಂಚಬ್ಬೆ. ಭಟಾರರಿಗೆ ಆಹಾರವಾಗಿಲ್ಲವೆಂದು ಕೇಳಿ ನಾಲ್ಕು ದಿನದಿಂದ ಬೆಳಗಾದರೆ ಹರಿಗೋಲಿನಲ್ಲಿ ಬರುತ್ತಾಳೆ. ಮಡಿಯುಟ್ಟು, ಕೈಮುಗಿದು, ಬಾಗಿಲ ಹೊರಗೆ ನಿಲ್ಲುತ್ತಾಳೆ. ಹೆಂಗಸೆಂದು ಬಾಣ ಬಿಡಲಿಲ್ಲ." ಕೇತ ತಡೆದು ಹೇಳಿದ: "ಮಾಚಯ್ಯನವರು ಮಡಿದ ದಿನ ಅವಳ ಮಗನೂ ಅದೇ ಕಡವಿನಲ್ಲಿ ಬಿದ್ದ. ನಮ್ಮವರ ಕೈಯಲ್ಲಿ."

ಇಂದಪರಸ ಕತ್ತಿ ಬಿಚ್ಚಿ ತಮ್ಮನ ವೀರಗಲ್ಲಿನ ಬುಡದಲ್ಲಿಟ್ಟ. ಬಂದು ಮೊದಲ ಬಂಡೆಗೆ ಕೈಹಾಕಿದ.

"ಒಡೆಯಾ, ಹೊಳೆ ಇಳಿದಿದೆ. ಬಡಗಣವರು ನೋಡುತ್ತಿದ್ದಾರೆ" ಎಂದು ಕೇತ ಅಡ್ಡ ಬಂದ. "ಒಬ್ಬ ಸವಣನ ತುತ್ತಿಗೆ ಕೋಟೆಯನ್ನೇ ಕೊಡುತ್ತೀರಾ?"

"ಕಲ್ಲು ಹಿಡಿ. ಇಲ್ಲವಾದರೆ ದಾರಿ ಬಿಡು."

ಕೇತ ಕಲ್ಲು ಹಿಡಿದ. ಕತ್ತಲಾಗುವ ಮೊದಲೇ ರಾಶಿ ಕರಗಿತು. ಬಂಡೆಗಳು ಮೊಗ್ಗುಗಳಾದವೆಂದು ಅಜ್ಜಿ ಹೇಳುತ್ತಿದ್ದುದು ಇಲ್ಲಿಯೇ. ಅರಸನ ಅಂಗೈ ಸುಲಿದು ರಕ್ತ ಬಂದಿತ್ತೆಂಬ ಇನ್ನೊಂದು ಮಾತೂ ನಮ್ಮಲ್ಲಿ ಉಳಿದಿದೆ. ನನಗೆ ಈ ಮಾತಿನ ಮೇಲೆಯೇ ಭಕ್ತಿ ಹೆಚ್ಚು.

ಬೆಳಗ್ಗೆ ಇಂದಪರಸ ತಾನೇ ಅಗುಳಿ ಎಳೆದ. ಮೂರು ವರ್ಷದ ತುಕ್ಕಿನೊಡನೆ ಬಾಗಿಲು ತೆರೆದುಕೊಂಡಿತು. ಹೊರಗೆ ಕಂಚಬ್ಬೆ ಕೈಮುಗಿದು ನಿಂತಿದ್ದಳು. ಅರಸನನ್ನು ಕಂಡು ಹಿಂದೆ ಸರಿದಳು. ಮಾತು ಹೊರಟದ್ದು ಚಾಗಿಯಬ್ಬೆಯ ಬಾಯಿಂದ.

"ಒಳಗೆ ಬಾ ತಂಗಿ. ನನ್ನ ಕೈ ನಡುಗುತ್ತದೆ, ನೀನು ಬಡಿಸು."

"ನಾನು ಬಡಿಸಬಹುದೇ ಅಕ್ಕಾ?"

"ಆ ಕಡವಿನಲ್ಲಿ ಬಿದ್ದವರಿಗೆ ನಾವಿಬ್ಬರಲ್ಲದೆ ಇನ್ನಾರು ತಾಯಂದಿರು?"

ಕಂಚಬ್ಬೆಯೇ ಹೊಳೆಯಾಚೆಯಿಂದ ಗಂಜಿ ತಂದಳೆಂದು ಅಜ್ಜಿಯ ಕಥೆ. ಬೇರೆ ಊರಿನಿಂದ ಹೊತ್ತು ತಂದ ಅನ್ನ ಮುನಿಗಳಿಗೆ ಸಲ್ಲದು. ಆದ್ದರಿಂದ ಅಡಿಗೆ ಚಾಗಿಯಬ್ಬೆಯದೇ ಇರಬೇಕು. ಬಡಿಸಿದ ಕೈ ಮಾತ್ರ ಕಂಚಬ್ಬೆಯದು. ಭಟಾರರು ನಿಧಾನವಾಗಿ ಬೀದಿಯಲ್ಲಿ ನಡೆದು ಬಂದರು. ತೆರೆದ ಬಾಗಿಲಿನ ಮುಂದೆ ಇಬ್ಬರೂ ತಾಯಂದಿರು ಜೊತೆಯಾಗಿ, "ನಿಲ್ಲಿ ಭಟಾರರೇ, ನಿಲ್ಲಿ" ಎಂದರು.

ಭಟಾರರು ನಿಂತರು.

ಪಕ್ಕದ ಚಾಗಿಯಬ್ಬೆಯ ಮನೆಯಲ್ಲಿ ಅವರು ಅಂಗೈಯೊಡ್ಡಿ ಏಳು ದಿನದ ಮೊದಲ ತುತ್ತು ಸ್ವೀಕರಿಸುವಾಗ, ಇಂದಪರಸ ಹೊಸ್ತಿಲ ಹೊರಗೆ ಮಣ್ಣಿನಲ್ಲಿ ಹಣೆಯಿಟ್ಟು ಮಲಗಿದ್ದ. ವ್ರತ ಇದೇ ಆಗಿತ್ತೇ ಎಂದು ಜನ ಕೇಳಿದರು. ಭಟಾರರು ಪಿಂಛಿಯೆತ್ತಿ ಹರಸಿ ಗವಿಯ ಕಡೆಗೆ ನಡೆದರು. ಬಾಗಿಲೇ ಇರಬಹುದು, ಇಬ್ಬರು ತಾಯಂದಿರಿರಬಹುದು, ನಮಗೆ ತೋಚದ ಇನ್ನೇನೋ ಇರಬಹುದು. ಚಾತುರ್ಮಾಸ್ಯ ಮುಗಿದಾಗ ಅವರು ಅದೇ ಬಾಗಿಲಿನಿಂದ ಹೊರಬಿದ್ದು ಬಡಗಣಕ್ಕೆ ವಿಹಾರ ಮಾಡಿದರು. ಹೊಳೆಯವರೆಗೆ ಕಮಂಡಲು ಹೊತ್ತು ನಡೆದವನು ಇಂದಪರಸ.

ಅಂದಿನಿಂದ ಆ ಗಡಿಯಲ್ಲಿ ರಕ್ತವೇ ಹರಿಯಲಿಲ್ಲವೆಂದು ಅಜ್ಜಿ ಕಥೆ ಮುಗಿಸುತ್ತಿದ್ದರು. ಅಜ್ಜಿ ಹೋಗಿ ಬಹಳ ವರ್ಷಗಳಾದ ಮೇಲೆ, ಒಂದು ಭಾದ್ರಪದದಲ್ಲಿ, ನಾನು ಆ ಹಾಳು ಕೋಟೆಗೆ ಹೋದೆ. ಹೊಳೆಯ ದಡದಲ್ಲಿ ಇಂದಪರಸನ ಆಳಿಕೆಯನ್ನು ಹೆಸರಿಸುವ, ಗಡಿಯ ಕಾಳಗದಲ್ಲಿ ಮಡಿದವನೊಬ್ಬನ ವೀರಗಲ್ಲಿದೆ. ಮಾಚನ ವೀರಗಲ್ಲಿನ ತೇದಿಯಿಂದ ಲೆಕ್ಕ ಹಾಕಿದರೆ, ಅದು ಈ ಪ್ರಸಂಗದಿಂದ ಹನ್ನೊಂದು ವರ್ಷಗಳ ಈಚಿನದು. ರಕ್ತ ನಿಂತಿರಲಿಲ್ಲ. ಬರೆದುಕೊಂಡೆ, ಮನಸ್ಸಿಗೆ ಕಸಿವಿಸಿಯಾಯಿತು.

ಬಳಿಕ ಬಾಗಿಲುಗಳನ್ನು ನೋಡಿದೆ. ಮರದ ಕದಗಳು ಎಂದೋ ಹೋಗಿವೆ. ಕಲ್ಲಿನ ಚೌಕಟ್ಟುಗಳು ಉಳಿದಿವೆ. ಮೂಡಣ ಬಾಗಿಲಿನಲ್ಲಿ ಅಗುಳಿ ತೂರಿಸುವ ಕುಳಿಯೊಳಗೆ ನನ್ನ ಕೈ ಮೊಳಕೈವರೆಗೆ ಹೋಯಿತು. ಪಡುವಣದಲ್ಲಿಯೂ ಹಾಗೆಯೇ. ಬಡಗಣ ಬಾಗಿಲಿನಲ್ಲಿ ಬೆರಳು ಎರಡು ಗೆಣ್ಣು ಹೋಗಿ ನಿಂತಿತು. ಇನ್ನೆಂದೂ ಅಗುಳಿ ಕೂರದಂತೆ, ಕುಳಿಯ ಅಳತೆಗೆ ಸರಿಯಾಗಿ ಕಡೆದ ಕಲ್ಲನ್ನು ಒಳಗೆ ಬಡಿದು, ಸುತ್ತಲೂ ಗಾರೆ ತುಂಬಲಾಗಿದೆ. ಎದುರಿನ ಕಂಬದ ಕುಳಿಯನ್ನೂ ನೋಡಿದೆ. ಅದನ್ನೂ ತುಂಬಲಾಗಿದೆ.